ಒಂದಕ್ಷರದ ಮರ್ಯಾದೆ

ಮೂರನೆಯ ಕಂಪ್ಯೂಟರೂ ಅದನ್ನೇ ಹೇಳಿತು.

'ಈ ಫೋನನ್ನು ಸಂಸ್ಥೆಯೊಂದು ನಿರ್ವಹಿಸುತ್ತಿದೆ. ಈ ಕಂಪ್ಯೂಟರಿಗೆ ಜೋಡಿಸಲು ಅನುಮತಿ ಇಲ್ಲ.'

ಹೇಳಿದ ಮೇಲೆ ದೊಡ್ಡ ಉಪಕಾರ ಮಾಡುವ ಹಾಗೆ ಫೋನಿಗೆ ಚಾರ್ಜ್ ತುಂಬತೊಡಗಿತು. ರಿಪೇರಿ ಅಂಗಡಿಯವನು ಕೇಬಲ್ಲಿನ ತುದಿಗೆ ಉಫ್ ಎಂದು ಊದಿ ಮತ್ತೆ ಚುಚ್ಚಿದ. ಡ್ರಾಯರಿನಿಂದ ಹೊಸ ಕೇಬಲ್ ತೆಗೆದು ಅದನ್ನೂ ಚುಚ್ಚಿದ. ಅದೇ ಮಾತು, ಅದೇ ಉಪಕಾರ.

"ಊದಿದ್ರೆ ಹೋಗೋ ಧೂಳಲ್ಲ ಬಿಡಪ್ಪಾ ಇದು," ಎಂದಳು ತಕರಾರಮ್ಮ.

ಅದು ಅವಳ ಹೆತ್ತವರಿಟ್ಟ ಹೆಸರಲ್ಲ. ವಿಮಾ ಕಂಪನಿಯಲ್ಲಿ ತನಿಖೆಯ ಕೆಲಸದಲ್ಲಿದ್ದಾಗ ಮೇಜಿಗೆ ಬಂದ ಪ್ರತಿಯೊಂದು ಕಡತದ ಮೇಲೂ 'ತಕರಾರು ಇದೆ' ಎಂದು ಗೀಚಿ ವಾಪಸು ಕಳಿಸುತ್ತಿದ್ದಳು. ಆ ಕೆಲಸ ಬಿಟ್ಟು ಸ್ವಂತ ಪತ್ತೇದಾರಿ ಕಚೇರಿ ತೆರೆದ ಮೇಲೂ ಹೆಸರು ಬೆನ್ನು ಬಿಡಲಿಲ್ಲ. ಅವಳೂ ಬಿಡಿಸಿಕೊಳ್ಳಲು ಹೋಗಲಿಲ್ಲ.

"ಮೇಡಂ, ಇನ್ನೊಂದು ದಾರಿ ಇದೆ," ಎಂದ ಅಂಗಡಿಯವನು ತಲೆ ಕೆರೆದುಕೊಂಡು. "ಪೂರ್ತಿ ಅಳಿಸಿ ಹೊಸದು ಮಾಡಿಕೊಡ್ತೀನಿ. ಆಮೇಲೆ ಯಾವ ಕಂಪ್ಯೂಟರಿಗೆ ಬೇಕಾದ್ರೂ ಹಾಕ್ಕೊಳ್ಳಿ."

"ಒಳಗಿರೋದೇ ಬೇಕಾಗಿರೋದು ಕಣಯ್ಯಾ!" ಎಂದು ಸ್ಟೂಲಿನಿಂದ ಎದ್ದೇಬಿಟ್ಟ ಸೈಲೆನ್ಸ್.

ಫೋನು ಈ ಸೈಲೆನ್ಸ್‌ನದು. ಡಬ್ಬಿಂಗ್ ಸ್ಟುಡಿಯೋದಲ್ಲಿ ಸೌಂಡ್ ಇಂಜಿನಿಯರ್. ದಿನವಿಡೀ 'ಸೈಲೆನ್ಸ್!' ಎಂದು ಅರಚುವುದೇ ಕೆಲಸವಾದ್ದರಿಂದ ಆ ಹೆಸರು. ಅದು ಬಿಟ್ಟರೆ ಆತ ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ.

ಅವನ ಪಕ್ಕದಲ್ಲಿ ನಿಂತಿದ್ದ ತಂಗಿ ಮಾತ್ರ ಬೆಳಗಿನಿಂದ ತುಟಿ ಬಿಚ್ಚಿರಲಿಲ್ಲ. ತಂಗಿ ಎಂದರೆ ಲಾಕಪ್ಪಿನಲ್ಲಿರುವ ನೂರುಬಾಯಿಯ ತಂಗಿ. ಸ್ಟುಡಿಯೋದ ದೊಡ್ಡ ಯಜಮಾನರು ಹಿಂಬದಿಯ ಮೆಟ್ಟಿಲ ಬುಡದಲ್ಲಿ ತಲೆಯೊಡೆದು ಸತ್ತು ಬಿದ್ದಿದ್ದರು. ಅವರನ್ನು ಕೊಲ್ಲಿಸಿದವಳು ನೂರು ಪಾತ್ರಗಳಿಗೆ ಬಾಯಾಗಿ ಆ ಹೆಸರು ಪಡೆದ ಅಲ್ಲಿನ ಡಬ್ಬಿಂಗ್ ಕಲಾವಿದೆ ನೂರುಬಾಯಿಯೇ ಎಂದು ಪೊಲೀಸರು ತೀರ್ಮಾನಿಸಿ ಆಗಿತ್ತು. ಇವತ್ತು ಮಧ್ಯಾಹ್ನ ಜಾಮೀನಿನ ಅರ್ಜಿ ಕೋರ್ಟಿಗೆ ಬರುವುದಿತ್ತು. ತಳ್ಳಿಹಾಕಿದರೆ ಅಕ್ಕ ಲಾಕಪ್ಪಿನಿಂದ ನೇರವಾಗಿ ಜೈಲಿಗೆ.

ಪೊಲೀಸರ ಕೈಯಲ್ಲಿದ್ದದ್ದು ಒಂದೇ ಒಂದು ಧ್ವನಿ ತುಣುಕು. ಯಾರೋ ಹೆಸರು ಹೇಳದೆ ಕಳಿಸಿದ್ದು. ಅದರಲ್ಲಿ ನೂರುಬಾಯಿಯ ಗಂಟಲು, ಸಂಶಯಕ್ಕೆ ಎಡೆಯೇ ಇಲ್ಲದಷ್ಟು ಸ್ಪಷ್ಟವಾಗಿ ಹೇಳುತ್ತಿತ್ತು:

'ಬಿಡಬೇಡ ಅವರನ್ನ. ಮುಗಿಸಿಬಿಡು.'

ಅಷ್ಟೇ. ಅಷ್ಟಕ್ಕೇ ಒಬ್ಬ ಹೆಂಗಸನ್ನು ಒಳಗೆ ಹಾಕಿದ್ದರು.

"ಆ ಸಾಲು ನಂದು," ಎಂದು ತಂಗಿ ಮೊದಲ ದಿನವೇ ತಕರಾರಮ್ಮನ ಮೇಜು ಕುಟ್ಟಿ ಹೇಳಿದ್ದಳು. ಪರದೇಶದ ಧಾರಾವಾಹಿಗಳ ಬಾಯಿಗೆ ನಮ್ಮ ಮಾತು ಹೊಂದಿಸಿ ಬರೆಯುವುದು ಅವಳ ಕಸುಬು. ಪರದೆಯ ಮೇಲೆ ತುಟಿ ಮುಚ್ಚಿದರೆ ಇಲ್ಲಿ ಪ, ಬ, ಮ ಇರಲೇಬೇಕು. ಬಾಯಿ ತೆರೆದಿದ್ದರೆ ತೆರೆದ ಅಕ್ಷರ. "ಯಾರಾದ್ರೂ ಕೊಲೆ ಮಾಡಿಸೋವಾಗ 'ಬಿಡಬೇಡ ಅವನನ್ನ' ಅಂತ ಉಲ್ಟಾ ಮಾತಾಡ್ತಾರಾ ಮೇಡಂ? 'ಅವನನ್ನ ಬಿಡಬೇಡ' ಅಂತಾರೆ. ಆ ರಾಣಿ ಪಾತ್ರದವಳ ತುಟಿ ಮೊದಲೇ ಎರಡು ಸಲ ಮುಚ್ಚಿಬಿಡ್ತಿತ್ತು. ಅದಕ್ಕೇ ನಾನು 'ಬಿಡಬೇಡ'ನ ಎಳ್ಕೊಂಡು ಬಂದು ಮುಂದೆ ಕೂರಿಸಿದ್ದು."

ಇನ್ಸ್‌ಪೆಕ್ಟರ್ ಇದನ್ನು ಕೇಳಿ ಆಕಳಿಸಿದ್ದ. "ಕೋಪ ಬಂದ್ರೆ ನಮ್ಮನೇಲೂ ಎಲ್ಲರೂ ಉಲ್ಟಾನೇ ಮಾತಾಡೋದಮ್ಮ," ಎಂದಿದ್ದ.

ಆದರೆ ತಕರಾರಮ್ಮನ ಕಿವಿ ನಿಂತದ್ದು ಬೇರೆ ಕಡೆ. ತಂಗಿ ಬರೆದದ್ದು 'ಅವನನ್ನ'. ರಾಣಿ ತನಗೆ ದ್ರೋಹ ಮಾಡಿದ ಆಳಿನ ಬಗ್ಗೆ ಹೇಳುವ ಮಾತು ಅದು. ಆಳಿಗೆ ಯಾವ ರಾಣಿ ಬಹುವಚನ ಕೊಡುತ್ತಾಳೆ? ತುಣುಕಿನಲ್ಲಿದ್ದದ್ದು 'ಅವರನ್ನ'. ಒಂದು ನಕಾರ ಎದ್ದು ಹೋಗಿ ರಕಾರ ಬಂದು ಕೂತಿತ್ತು. ಕೊಲ್ಲಿಸುವ ಹೊತ್ತಿನಲ್ಲೂ ಮರ್ಯಾದೆ ಮರೆಯದ ಕೊಲೆಗಾತಿಯನ್ನು ಅವಳು ವೃತ್ತಿಜೀವನದಲ್ಲಿ ಕಂಡಿರಲಿಲ್ಲ.

ಹಾಗಾದರೆ ಯಾರೋ ಬೇರೆಲ್ಲಿಂದಲೋ 'ರ' ಒಂದನ್ನು ಕತ್ತರಿಸಿ ತಂದು ಇಲ್ಲಿ ಹೊಲಿದಿದ್ದಾರೆ. ಅದು ಅವಳ ಲೆಕ್ಕ. ಮೂಲ ರೆಕಾರ್ಡಿಂಗ್ ಸಿಕ್ಕರೆ ಹೊಲಿಗೆ ಬಿಚ್ಚಿಕೊಳ್ಳುತ್ತದೆ, ಅಕ್ಕ ಹೊರಗೆ ಬರುತ್ತಾಳೆ.

ಸ್ಟುಡಿಯೋದ ಕಂಪ್ಯೂಟರಿನಲ್ಲಿ ಆ ಸಾಲು ಹೇಳಿಸಿದ ದಿನದ ರೆಕಾರ್ಡಿಂಗ್ ಇರಲಿಲ್ಲ. 'ಜಾಗ ಸಾಲದೆ ಅಳಿಸಿದೆವು' ಎಂದು ಸತ್ತವರ ತಮ್ಮ, ಈಗಿನ ಚಿಕ್ಕ ಯಜಮಾನ, ವಿಷಾದದಿಂದ ತಿಳಿಸಿದ್ದ. ಉಳಿದದ್ದು ಸೈಲೆನ್ಸ್‌ನ ಫೋನು. ಆತ ಪ್ರತಿ ದಿನವೂ ಅದನ್ನು ಮೇಜಿನ ಮೇಲಿಟ್ಟು, ಸ್ಟುಡಿಯೋದವರೇ ಹಾಕಿಕೊಟ್ಟ ಆ್ಯಪಿನಲ್ಲಿ ಇಡೀ ಕೋಣೆಯ ಸದ್ದು ಹಿಡಿದಿಡುತ್ತಿದ್ದ.

"ಹಿಡೀದೆ ಇದ್ರೆ ನನ್ನ ಜೀವ ತಿಂತಾರೆ," ಎಂದಿದ್ದ. "'ನೀನೇ ಹಾಗೆ ಹೇಳು ಅಂದೆ' ಅಂತ ಇವ್ರು, 'ನಾನೆಲ್ಲಿ ಅಂದೆ' ಅಂತ ಅವ್ರು. ಪುರಾವೆ ಇರ್ಲಿ ಅಂತ ಇಟ್ಕೋತಿದ್ದೆ."

ಪುರಾವೆ ಇತ್ತು. ಫೋನಿನ ಒಳಗೇ ಇತ್ತು. ಆದರೆ ಆ್ಯಪ್ ತೆರೆದರೆ 'ನಿಮ್ಮ ಖಾತೆ ಮುಚ್ಚಲಾಗಿದೆ' ಎನ್ನುತ್ತಿತ್ತು. ಆ್ಯಪನ್ನು ಕಿತ್ತರೆ ಕಡತಗಳೂ ಅದರ ಜೊತೆಗೇ ಹೋಗುತ್ತವೆ. ಬ್ಲೂಟೂತಿನಲ್ಲಿ ಕಳಿಸುವ ಹಾಗಿಲ್ಲ, ಮೇಲ್ ಮಾಡುವ ಹಾಗಿಲ್ಲ, ಕೇಬಲ್ ಹಾಕಿದರೆ ಈ ಉತ್ತರ. ನೆಟ್‌ವರ್ಕಿಗೆ ಸಿಕ್ಕ ಕೂಡಲೇ ಸ್ಟುಡಿಯೋದಲ್ಲಿ ಕೂತವರು ದೂರದಿಂದಲೇ ಫೋನನ್ನು ಗುಡಿಸಿ ಸಾರಿಸಿಬಿಡಬಹುದಾದ್ದರಿಂದ ಅದು ವಿಮಾನದ ಗುರುತು ಹೊತ್ತು ಬಾಯಿ ಮುಚ್ಚಿ ಕೂತಿತ್ತು. ಪೊಲೀಸರ ಪ್ರಯೋಗಾಲಯಕ್ಕೆ ಕೊಟ್ಟರೆ ತಿಂಗಳುಗಟ್ಟಲೆ ಸರದಿ ಎಂದು ಇನ್ಸ್‌ಪೆಕ್ಟರೇ ಕೈ ಚೆಲ್ಲಿದ್ದ.

"ಕಾಸು ಕೊಟ್ಟು ಕೊಂಡಿದ್ದು ನಾನು," ಸೈಲೆನ್ಸ್ ಗೊಣಗಿದ. "ಒಡೆದು ಹೋದ ಗಾಜು ಹಾಕಿಸಿದ್ದು ನಾನು. ಧಾರಾವಾಹಿ ಸೋರಿ ಹೋಗಬಾರದು, ಈ ವ್ಯವಸ್ಥೆ ಹಾಕಿಸ್ಕೋ, ಇಲ್ದಿದ್ರೆ ಕೆಲಸ ಇಲ್ಲ ಅಂದ್ರು. ಒಪ್ಪುತ್ತೇನೆ ಅಂತ ಒತ್ತಿದೆ. ಈಗ ನನ್ನ ಮಗಳ ಫೋಟೋ ಕೂಡ ನನಗೆ ಕೊಡಲ್ಲ ಅಂತದೆ."

"ಎಲ್ಲಿಗೂ ಕೊಡಲ್ವಾ?" ತಕರಾರಮ್ಮ ತಟ್ಟನೆ ತಿರುಗಿದಳು. "ಯಾವ ಕಂಪ್ಯೂಟರಿಗೂ?"

"ಒಂದಕ್ಕೆ ಕೊಡತ್ತೆ. ವ್ಯವಸ್ಥೆ ಹಾಕಿದ ಕಂಪ್ಯೂಟರಿಗೆ. ನನ್ನ ಕಂಟ್ರೋಲ್ ರೂಮಲ್ಲಿರೋದು."

"ಅದಕ್ಕೆ ಚುಚ್ಚಿದ್ರೆ ಆ್ಯಪಿನ ಒಳಗಿರೋ ಕಡತ ಕಾಣತ್ತಾ?"

"ಅಂಗೈ ಮೇಲಿನ ಗೆರೆ ಹಾಗೆ ಕಾಣತ್ತೆ. ಆದ್ರೆ ಆ ರೂಮಿನ ಬೀಗದ ಕೈ ಚಿಕ್ಕ ಯಜಮಾನರ ಜೇಬಲ್ಲಿದೆ ಮೇಡಂ."

ತಂಗಿ ಮುಂದೆ ಬಂದಳು. "ಹಾಗಾದ್ರೆ ನಡೀರಿ, ಅವರನ್ನೇ ಕೇಳೋಣ," ಎಂದು ಕೇಬಲ್ ಕಿತ್ತು ಫೋನನ್ನು ಸೈಲೆನ್ಸ್‌ನ ಕೈಗಿಟ್ಟಳು.

ಸ್ಟುಡಿಯೋದ ಕಾಯುವ ಕೋಣೆಯಲ್ಲಿ ಬೆಳಗಿನ ಪಾಳಿಯ ಕಲಾವಿದರು ಕೂತಿದ್ದರು. ಕೆಲಸ ನಿಂತು ಹೋಗಿದ್ದರೂ ಅವರು ದಿನವೂ ಬರುತ್ತಿದ್ದರು. ಬಂದು, ಗೋಡೆಯ ಮೇಲಿನ ಸ್ಪೀಕರಿನಿಂದ ತಮ್ಮ ಹೆಸರು ಕೂಗುವುದನ್ನು ಕಾಯುತ್ತ ಕೂರುತ್ತಿದ್ದರು. ಅಜ್ಜಿಯ ಪಾತ್ರಗಳಿಗೇ ಮೀಸಲಾದ ದಪ್ಪನೆಯ ಯುವಕನೊಬ್ಬ ತಂಗಿಯನ್ನು ಕಂಡು ಎದ್ದು ನಿಂತ. ಉಳಿದವರು ನೆಲ ನೋಡಿದರು. ಕೊಲೆಗಾತಿಯ ತಂಗಿಯ ಜೊತೆ ಮಾತಾಡಬೇಕೋ ಬೇಡವೋ ಎಂದು ಅವರಿಗಿನ್ನೂ ಯಾರೂ ಹೇಳಿಕೊಟ್ಟಿರಲಿಲ್ಲ.

ಚಿಕ್ಕ ಯಜಮಾನ ಅಣ್ಣನ ಕುರ್ಚಿಯಲ್ಲಿ ಕೂತಿದ್ದ. ತನ್ನ ಕಾಲಿಗೆ ತಕ್ಕಂತೆ ಅದನ್ನು ತಗ್ಗಿಸಿಕೊಂಡೂ ಆಗಿತ್ತು. ಮಾತು ಬೆಣ್ಣೆ. ಎದುರಿಗೆ ಸಿಕ್ಕ ಬೆಕ್ಕಿಗೂ 'ನೀವು' ಎನ್ನುವ ಜಾತಿ. ಇಂಥವರನ್ನು ಕಂಡರೆ ತಕರಾರಮ್ಮನಿಗೆ ಮೈಯೆಲ್ಲ ಕಿವಿಯಾಗುತ್ತಿತ್ತು.

"ಬನ್ನಿ, ಕೂತ್ಕೊಳ್ಳಿ. ನೀರು ತರಿಸಲಾ?"

"ನೀರು ಬೇಡ. ಕಂಟ್ರೋಲ್ ರೂಮಿನ ಬೀಗ ತೆಗೆಸಿ," ಎಂದಳು ತಕರಾರಮ್ಮ.

ಅವನು ನಕ್ಕ. "ನೋಡಿ ಮೇಡಂ, ಆ ಫೋನು ಸಂಸ್ಥೆಗೆ ಸೇರಿದ್ದು. ಒಳ್ಳೆ ಮಾತಲ್ಲಿ ವಾಪಸ್ ಕೊಟ್ಟುಬಿಡಿ, ಮುಗಿದುಹೋಗ್ಲಿ."

"ಫೋನು ನಂದು ಸಾರ್," ಎಂದ ಸೈಲೆನ್ಸ್. ಫೋನನ್ನು ಜೇಬಿಗಿಳಿಸಿಕೊಂಡ.

"ಫೋನು ನಿಮ್ಮದಿರಬಹುದು. ಒಳಗಿರೋದು ನಮ್ಮದು."

"ಹಾಗಾದ್ರೆ ಒಳಗಿರೋದನ್ನ ತೆಗೆದು ತೋರಿಸಿ. ಪಾಸ್‌ವರ್ಡ್ ನನ್ನ ತಲೇಲಿದೆ. ತಲೆ ಸಂಸ್ಥೇದಲ್ಲ."

ಕಾಯುವ ಕೋಣೆಯಲ್ಲಿ ಯಾರೋ ಕಿಸಕ್ಕೆಂದರು. ಬಾಗಿಲು ತೆರೆದೇ ಇತ್ತು. ಚಿಕ್ಕ ಯಜಮಾನ ಅದನ್ನು ಮುಚ್ಚಲು ಎದ್ದ. ತಂಗಿ ಹೋಗಿ ಹೊಸ್ತಿಲಲ್ಲೇ ನಿಂತಳು.

"ಇರ್ಲಿ ಬಿಡಿ. ಅಕ್ಕನ್ನ ಕೊಲೆಗಾತಿ ಅಂತ ಎಲ್ಲರ ಮುಂದೆ ತಾನೆ ಅಂದಿದ್ದು? ಇದೂ ಎಲ್ಲರ ಮುಂದೇ ಆಗ್ಲಿ."

"ತಂಗೀ, ನಿಮ್ಮ ದುಃಖ ನನಗೆ ಅರ್ಥ ಆಗತ್ತೆ. ನಾನೂ ಅಣ್ಣನ್ನ ಕಳ್ಕೊಂಡವನು—"

"ಕಳ್ಕೊಂಡ ದಿನವೇ ಇವರ ಖಾತೆ ಮುಚ್ಚಿಸಿದಿರಿ," ತಕರಾರಮ್ಮ ನಡುವೆ ಬಂದಳು. "ನಿಮ್ಮಣ್ಣನ ಹೆಣ ಇನ್ನೂ ಮೆಟ್ಟಿಲ ಹತ್ತಿರವೇ ಇತ್ತು. ಪೊಲೀಸರು ಅಳತೆ ಹಿಡೀತಾ ಇದ್ರು. ಸೌಂಡ್ ಇಂಜಿನಿಯರ್ ಒಬ್ಬನ ಖಾತೆ ಮುಚ್ಚೋದು ಆ ಹೊತ್ತಲ್ಲಿ ನೆನಪಾಯ್ತಲ್ಲ, ಅಷ್ಟು ಅವಸರ ಏನಿತ್ತು?"

"ಹಳೇ ಖಾತೆಗಳನ್ನೆಲ್ಲ ಮುಚ್ಚಿಸಿದೆ. ಇವರೊಬ್ಬರದೇ ಅಲ್ಲ."

"ಬೇರೆ ಯಾರದು?"

ಅವನು ಅಂಗಿಯ ತೋಳಿನ ಇಸ್ತ್ರಿಯ ಗೆರೆ ಸರಿಮಾಡಿಕೊಂಡ.

"ಸುಮ್ನೆ ಹಟ ಮಾಡ್ತಿದೀರಿ," ಎಂದ ಕೊನೆಗೆ. "ಆ ಫೋನಲ್ಲಿ ನಿಮಗೆ ಬೇಕಾದ್ದು ಏನೂ ಸಿಗಲ್ಲ. ಆ ಊಟದ ಹೊತ್ತಿನ ಗದ್ದಲ ಕೇಳಿಸ್ಕೊಂಡು ಏನು ಮಾಡ್ತೀರಿ?"

ತಕರಾರಮ್ಮನ ಹುಬ್ಬು ಮೇಲೇರಿತು. ಅವಳು ಅವಸರ ಮಾಡಲಿಲ್ಲ. ಇಂಥ ಮಾತು ಸಿಕ್ಕಾಗ ಅದನ್ನು ತಣ್ಣಗೆ ಮೇಜಿನ ಮೇಲಿಟ್ಟು ನೋಡುವುದು ಅವಳಿಗೆ ಹಬ್ಬದೂಟಕ್ಕಿಂತ ಇಷ್ಟ.

"ಊಟದ ಹೊತ್ತು ಅಂತ ನಿಮಗೆ ಯಾರು ಹೇಳಿದ್ರು?"

"ಯಾಕೆ? ಎಲ್ಲರಿಗೂ ಗೊತ್ತು."

"ಯಾರಿಗೂ ಗೊತ್ತಿಲ್ಲ. ಆವತ್ತು ಊಟದ ಹೊತ್ತಿಗೆ ನಿಮ್ಮಣ್ಣ ಇವನನ್ನ ಹೊರಗೆ ಕಳಿಸಿ, ತಾವೇ ಕೂತು ರೆಕಾರ್ಡಿಂಗ್ ಮಾಡಿಸಿದ್ರು. ಫೋನು ಆನ್ ಇದ್ದ ಹಾಗೇ ಮೇಜಿನ ಮೇಲೆ ಉಳೀತು. ಇದನ್ನ ಇವನು ಹೇಳಿದ್ದು ನನಗೊಬ್ಬಳಿಗೆ. ಪೊಲೀಸರಿಗೂ ಹೇಳಿಲ್ಲ."

"ಹೌದು ಸಾರ್," ಸೈಲೆನ್ಸ್ ತಲೆಯಾಡಿಸಿದ. "ಯಾರಿಗೂ ಹೇಳಿಲ್ಲ. ನನಗೇ ಆಶ್ಚರ್ಯ ಆಗ್ತಿದೆ ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೆ ಅಂತ."

ಈಗ ಕಾಯುವ ಕೋಣೆಯಲ್ಲಿ ಯಾರೂ ನಗಲಿಲ್ಲ. ಅಜ್ಜಿಯ ದನಿಯ ಯುವಕ ಬಾಗಿಲ ಹತ್ತಿರಕ್ಕೆ ಬಂದು ನಿಂತ. ಅವನ ಹಿಂದೆ ಇನ್ನಿಬ್ಬರು. ಚಿಕ್ಕ ಯಜಮಾನ ಅವರನ್ನೆಲ್ಲ ಒಮ್ಮೆ ನೋಡಿದ. ಲೆಕ್ಕ ಹಾಕುತ್ತಿದ್ದಾನೆ ಎಂದು ತಕರಾರಮ್ಮನಿಗೆ ಗೊತ್ತಾಯಿತು. ಬೇಡ ಎಂದರೆ ಊಟದ ಹೊತ್ತಿನ ಮಾತು ಇನ್ಸ್‌ಪೆಕ್ಟರ್ ಕಿವಿಗೆ ಹೋಗುತ್ತದೆ. ಹೂಂ ಎಂದರೆ?

ಅವನ ಮುಖದ ಮೇಲೆ ನಗು ವಾಪಸು ಬಂತು. ಆ ನಗು ಅವಳಿಗೆ ಹಿಡಿಸಲಿಲ್ಲ.

"ಸರಿ. ಮುಚ್ಚಿಡೋಕೆ ನನ್ನ ಹತ್ರ ಏನೂ ಇಲ್ಲ. ಬನ್ನಿ," ಎಂದು ಜೇಬಿನಿಂದ ಬೀಗದ ಕೈ ತೆಗೆದ. "ಆದ್ರೆ ಒಂದು ಷರತ್ತು. ಇವರು ಫೋಟೋನೋ ಮತ್ತೊಂದೋ, ತೆಗೆದು ಈ ಕಂಪ್ಯೂಟರಿಗೆ ಹಾಕಲಿ. ಆಮೇಲೆ ಇಲ್ಲೇ, ನನ್ನ ಕಣ್ಣೆದುರಿಗೇ, ಫೋನು ಖಾಲಿ ಆಗಬೇಕು."

"ನೋಡೋಣ," ಎಂದಳು ತಕರಾರಮ್ಮ. ನೋಡೋಣ ಎನ್ನುವುದಕ್ಕೆ ಅವಳ ಬಾಯಲ್ಲಿ ಒಪ್ಪಿಗೆ ಎಂಬ ಅರ್ಥ ಯಾವತ್ತೂ ಇದ್ದದ್ದಿಲ್ಲ.

ಕಂಟ್ರೋಲ್ ರೂಮು ಮುಚ್ಚಿಟ್ಟ ಪೆಟ್ಟಿಗೆಯ ವಾಸನೆ ಹೊಡೆಯುತ್ತಿತ್ತು. ಗೋಡೆಗಳಿಗೆಲ್ಲ ಮೆತ್ತನೆಯ ಬೂದು ಬಟ್ಟೆ. ಗಾಜಿನ ಆಚೆ ಕಲಾವಿದೆ ನಿಲ್ಲುವ ಜಾಗ, ತಲೆ ತಗ್ಗಿಸಿಕೊಂಡ ಒಂದು ಮೈಕು, ಅದರ ಮುಂದೆ ದೊಡ್ಡ ಪರದೆ. ಈಚೆ ಉದ್ದನೆಯ ಮೇಜಿನ ತುಂಬ ಮೇಲೆ ಕೆಳಗೆ ಜಾರುವ ಗುಂಡಿಗಳು. ತಂಗಿ ಗಾಜಿನ ಹತ್ತಿರ ಹೋಗಿ ಆ ಮೈಕನ್ನೇ ನೋಡುತ್ತ ನಿಂತಳು. ಅಕ್ಕ ನಿಲ್ಲುತ್ತಿದ್ದ ಕಡೆ ನೆಲದ ಕಾರ್ಪೆಟ್ಟು ಸವೆದಿತ್ತು.

ಸೈಲೆನ್ಸ್ ಫೋನು ಚುಚ್ಚಿದ. ಪಾಸ್‌ವರ್ಡ್ ಒತ್ತುವಾಗ ಚಿಕ್ಕ ಯಜಮಾನ ಕತ್ತು ಚಾಚಿದ. ತಕರಾರಮ್ಮ ತನ್ನ ಕೈಚೀಲವನ್ನು ಅಡ್ಡ ಹಿಡಿದಳು.

ಕಂಪ್ಯೂಟರ್ ಈ ಸಲ ಗೊಣಗಲಿಲ್ಲ. ಹಳೆಯ ನಂಟನನ್ನು ಒಳಗೆ ಕರೆದಂತೆ ಫೋನನ್ನು ಕರೆದುಕೊಂಡಿತು. ಫೋಟೋಗಳು ಬಂದವು. ಹಲ್ಲು ಬಿದ್ದ ಮಗಳು, ಸೈಕಲ್ಲಿನ ಮೇಲೆ ಮಗಳು, ಮೂತಿ ಊದಿಸಿಕೊಂಡ ಮಗಳು. ಸೈಲೆನ್ಸ್ ಅವುಗಳನ್ನು ನೋಡುತ್ತ ಒಂದು ಕ್ಷಣ ಮೈಮರೆತ. ಆಮೇಲೆ ಮೌಸನ್ನು ಬದಿಗೆ ಜಾರಿಸಿ ಇನ್ನೊಂದು ಕಿಟಕಿ ತೆರೆದ. ಆ್ಯಪಿನ ಒಳಮನೆ. ತಾರೀಕು ಹೊತ್ತ ಕಡತಗಳು ಒಂದರ ಕೆಳಗೊಂದು ಸಾಲಾಗಿ ನಿಂತಿದ್ದವು. ಅವುಗಳಲ್ಲಿ ಒಂದು ಮಿಕ್ಕವುಗಳಿಗಿಂತ ಬಹಳ ಉದ್ದ. ನಿಲ್ಲಿಸಲು ಮರೆತು ಹೋದದ್ದು.

"ಇದೇ," ಎಂದ. ಅದನ್ನು ಎಳೆದು ಕಂಪ್ಯೂಟರಿನೊಳಕ್ಕೆ ಹಾಕಿದ.

ತಕರಾರಮ್ಮ ಕೈಚೀಲದಿಂದ ಪೆನ್‌ಡ್ರೈವ್ ತೆಗೆದು ಕೊಟ್ಟಳು. ಚುಚ್ಚಿದರೆ ಕಂಪ್ಯೂಟರ್ ಕಣ್ಣೂ ಮಿಟುಕಿಸಲಿಲ್ಲ. ಇನ್ನೊಂದು ತೂತಿಗೆ ಚುಚ್ಚಿದ. ಊಹೂಂ.

"ತಗೊಳ್ಳಲ್ಲ ಅದು," ಚಿಕ್ಕ ಯಜಮಾನ ಬಾಗಿಲಿಗೊರಗಿ ನಿಂತು ಹೇಳಿದ. ಈಗ ಆ ನಗು ಯಾಕೆಂದು ತಿಳಿಯಿತು. "ಇಂಟರ್ನೆಟ್ಟೂ ಇಲ್ಲ. ಪರದೇಶದ ಕಂಪನಿಯವರ ಕಟ್ಟಪ್ಪಣೆ ಹಾಗಿದೆ ಮೇಡಂ, ನಾನೇನು ಮಾಡ್ಲಿ? ಈ ರೂಮಿಗೆ ಏನು ಬೇಕಾದ್ರೂ ಒಳಗೆ ಬರತ್ತೆ. ಇಲ್ಲಿಂದ ಹೊರಗೆ ಏನೂ ಹೋಗಲ್ಲ. ಆಯ್ತಲ್ಲ? ಇನ್ನು ಫೋನು ಖಾಲಿ ಮಾಡಿ."

ತಕರಾರಮ್ಮನಿಗೆ ಸಿಟ್ಟು ನೆತ್ತಿಗೇರಿತು. ಅವನ ಮೇಲೆ ಒಂದಿಷ್ಟು, ತನ್ನ ಮೇಲೆ ಅದಕ್ಕಿಂತ ಹೆಚ್ಚು. ಬೀಗ ತೆಗೆಸುವುದೊಂದನ್ನೇ ಯೋಚಿಸಿಕೊಂಡು ಬಂದಿದ್ದಳು. ಒಳಗಿದ್ದದ್ದನ್ನು ಹೊರಗೆ ಒಯ್ಯುವುದು ಹೇಗೆಂದು ಯೋಚಿಸಿರಲಿಲ್ಲ. ಇಷ್ಟು ಹತ್ತಿರ ಬಂದು ಬರಿಗೈಯಲ್ಲಿ ಕೋರ್ಟಿಗೆ ಹೋಗಬೇಕೆ?

ಗಾಜಿನ ಹತ್ತಿರ ನಿಂತಿದ್ದ ತಂಗಿ ತಿರುಗಿದಳು.

"ಹೊರಗೆ ಹೋಗೋಕೆ ಇದಕ್ಕೆ ತಂತಿ ಯಾಕೆ ಬೇಕು?" ಎಂದಳು. "ಇದು ಮಾತು ತಾನೆ? ಮಾತು ಗಾಳೀಲಿ ಹೋಗತ್ತೆ."

ಅವಳು ಮೇಜಿನ ಹತ್ತಿರ ಬಂದಳು. ಆ ಗುಂಡಿಗಳಲ್ಲಿ ಒಂದರ ಕೆಳಗೆ 'ಕಾಯುವ ಕೋಣೆ' ಎಂದು ಚೀಟಿ ಅಂಟಿಸಿತ್ತು. ಕಲಾವಿದರನ್ನು ಹೆಸರು ಹಿಡಿದು ಕೂಗುವ ದಾರಿ. ಅವಳು ಅದನ್ನು ಅಂಗೈಯಲ್ಲಿ ಒತ್ತಿ ಮೇಲಕ್ಕೆ ತಳ್ಳಿದಳು. ಆಚೆ ಗೋಡೆಯ ಸ್ಪೀಕರ್ ಕುಸ್ಸ್ ಎಂದು ಎಚ್ಚರಗೊಂಡಿತು.

"ಏಯ್!" ಎಂದ ಚಿಕ್ಕ ಯಜಮಾನ. ಮೊದಲ ಸಲ ಅವನ ಬಾಯಿಂದ 'ನೀವು' ಜಾರಿ ಹೋಯಿತು. "ಮುಟ್ಟಬೇಡ ಅದನ್ನ!"

"ಮುಟ್ಟಿ ಆಯ್ತು. ಸೈಲೆನ್ಸ್, ಹಾಕು."

ತಕರಾರಮ್ಮ ತನ್ನ ಫೋನಿನ ರೆಕಾರ್ಡರ್ ಒತ್ತಿ ಕಂಟ್ರೋಲ್ ರೂಮಿನ ಸ್ಪೀಕರಿಗೆ ಹಿಡಿದಳು. ಮೂಲ ಕಡತ ಹೇಗೂ ಸೈಲೆನ್ಸ್‌ನ ಫೋನಿನಲ್ಲಿ ಇದ್ದೇ ಇರುತ್ತದೆ. ಇಷ್ಟು ಜನ ಕೇಳಿಸಿಕೊಂಡ ಮೇಲೆ ಅದನ್ನು ಅಳಿಸುವ ಧೈರ್ಯ ಯಾರಿಗೂ ಬರುವುದಿಲ್ಲ. ಈ ಹುಡುಗಿಗೆ ಹೊಳೆದದ್ದು ತನಗೆ ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯೂ ಖುಷಿಯೂ ಒಟ್ಟಿಗೇ ಆಯಿತು. ಚಿಕ್ಕ ಯಜಮಾನ ಮುಂದೆ ನುಗ್ಗಿದ. ಅಜ್ಜಿಯ ದನಿಯ ಯುವಕ ಒಳಗೆ ಬಂದು ತನ್ನ ದಪ್ಪ ಮೈಯನ್ನು ಮೇಜಿಗೂ ಅವನಿಗೂ ನಡುವೆ ತಂದು ನಿಲ್ಲಿಸಿದ.

"ಕೇಳೋಣ ಸಾರ್," ಎಂದ. "ನಮ್ಮ ಜೊತೆ ಕೆಲಸ ಮಾಡಿದವರು ಅವರು."

ಸೈಲೆನ್ಸ್ ಊಟದ ಹೊತ್ತಿಗೆ ಸರಿಸಿ ಒತ್ತಿದ.

ಮೊದಲು ಕುರ್ಚಿಯ ಕಿರ್ರೆನ್ನುವ ಸದ್ದು. ನಂತರ ಅವನದೇ ದನಿ: 'ಸಾರ್, ಹಾಗಾದ್ರೆ ನಾನು ಊಟ ಮುಗಿಸ್ಕೊಂಡು ಬರ್ತೀನಿ.' ಬಾಗಿಲು ಮುಚ್ಚಿತು. ಮತ್ತೆ ಒಂದು ಗಂಡಸಿನ ದನಿ, ದಪ್ಪಗೆ, ನಿಧಾನವಾಗಿ:

'ಹೂಂ. ಶುರು ಮಾಡೋಣ.'

ಕಾಯುವ ಕೋಣೆಯಲ್ಲಿ ಯಾರೋ ಚೀರಿದರು. ಸತ್ತವರ ದನಿ ಅವರು ಕೂತ ಕಡೆಗೇ ಬಂದಿತ್ತು. ಚಿಕ್ಕ ಯಜಮಾನ ನಿಂತಲ್ಲೇ ನಿಂತ.

ಗಾಜಿನ ಆಚೆಯಿಂದ ಬಂದ ದನಿ ದೂರ ಇದ್ದರೂ ಸ್ಪಷ್ಟವಾಗಿತ್ತು. ರಾಣಿಯ ದನಿ, ನೂರುಬಾಯಿಯ ಒಂದು ಬಾಯಿ:

'ಬಿಡಬೇಡ ಅವನನ್ನ. ಮುಗಿಸಿಬಿಡು.'

"ನ!" ತಂಗಿ ಕಿರುಚಿದಳು. ಕಣ್ಣಿಂದ ನೀರು ಇಳಿಯುತ್ತಿತ್ತು. "ಕೇಳಿಸ್ತಾ ಎಲ್ಲರಿಗೂ? ಅವನನ್ನ! ನಾನು ಬರೆದ ಹಾಗೇ ಹೇಳಿದಾಳೆ! ರ ಎಲ್ಲಿದೆ ಇದರಲ್ಲಿ? ಹೇಳಿ, ಎಲ್ಲಿದೆ ರ?"

ಅಜ್ಜಿಯ ದನಿಯ ಯುವಕ ಚಪ್ಪಾಳೆ ತಟ್ಟಿದ. ಆಚೆ ಕೋಣೆಯವರೂ ತಟ್ಟಿದರು. ಸೈಲೆನ್ಸ್ ಅಂತೂ ಮೇಜಿನ ಮೇಲೆ ತಲೆಯಿಟ್ಟು ನಗುತ್ತಿದ್ದ. ತಕರಾರಮ್ಮನೂ ಒಂದು ಗಳಿಗೆ ನಂಬಿದಳು, ಇಷ್ಟೇ, ಮುಗಿಯಿತು ಎಂದು.

ಆದರೆ ಯಾರೂ ಅದನ್ನು ನಿಲ್ಲಿಸಿರಲಿಲ್ಲ.

'ಚೆನ್ನಾಗಿದೆ,' ಎಂದರು ಸತ್ತ ಯಜಮಾನರು. 'ಆದ್ರೆ ಅವನನ್ನ ಅನ್ನಬೇಡಿ. ನನ್ನನ್ನ ಯಾರಮ್ಮಾ ಅವನು ಅಂತಾರೆ? ನನ್ನ ಜೀವಕ್ಕೆ ಅಪಾಯ ಇದೆ ಅಂತ ಕೇಳಿದವರು ನಂಬಬೇಕು. ಅವರನ್ನ ಅನ್ನಿ.'

ಚಪ್ಪಾಳೆ ಅಲ್ಲಲ್ಲೇ ಸತ್ತಿತು. ಸ್ಪೀಕರಿನಲ್ಲಿ ಒಂದು ಸಣ್ಣ ನಗು ಕೇಳಿತು. ಈ ದನಿ ರಾಣಿಯದಲ್ಲ. ಮನೆಯಲ್ಲಿ ತಟ್ಟೆ ಎತ್ತುತ್ತ ಮಾತಾಡುವ, ತಂಗಿಯ ಜಡೆ ಹೆಣೆಯುತ್ತ ಬೈಯುವ, ಅಕ್ಕನ ದನಿ.

'ಆಯ್ತು ಸಾರ್. ಸಾಯೋರು ನೀವಲ್ವಾ? ಮರ್ಯಾದೆ ಕೊಟ್ಟೇ ಹೇಳ್ತೀನಿ.'

ಆಮೇಲೆ ಮತ್ತೆ ರಾಣಿ: 'ಬಿಡಬೇಡ ಅವರನ್ನ. ಮುಗಿಸಿಬಿಡು.'

ಪೊಲೀಸರ ಕೈಯಲ್ಲಿದ್ದ ತುಣುಕೇ ಅದು. ಉಸಿರೂ ಸಹ ಅದೇ. ಕತ್ತರಿಸಿರಲಿಲ್ಲ, ಹೊಲಿದಿರಲಿಲ್ಲ. ಸತ್ತವರೇ ಕೂತು ಹೇಳಿಸಿದ್ದರು. ಅಕ್ಕ ಅರಿತೇ ಹೇಳಿದ್ದಳು. ಯಾವ ಧಾರಾವಾಹಿಗೂ ಅಲ್ಲದ ಮಾತು ಎಂದು ಗೊತ್ತಿದ್ದೂ, ನಗುತ್ತ ಹೇಳಿದ್ದಳು. ಲಾಕಪ್ಪಿನ ಕಂಬಿ ಹಿಡಿದುಕೊಂಡು 'ನನಗೇನೂ ಗೊತ್ತಿಲ್ಲ ಕಣೇ' ಎಂದು ಇದೇ ತಂಗಿಯ ಮುಂದೆ ಅತ್ತಿದ್ದೂ ಅವಳೇ. ತಕರಾರಮ್ಮನ ಲೆಕ್ಕ ಬುಡಸಮೇತ ತಪ್ಪಿತ್ತು, ಆ ತಪ್ಪಿನ ಬೆಲೆ ಈ ಹುಡುಗಿಯ ಮುಖದ ಮೇಲೆ ಕಾಣುತ್ತಿತ್ತು.

ಅವಳು ಆ ಗುಂಡಿಯನ್ನು ಕೆಳಗಿಳಿಸಲು ಕೈ ಚಾಚಿದಳು. ಇಷ್ಟು ಜನ ಕೇಳಿಸಿಕೊಳ್ಳಬೇಕಾದದ್ದಲ್ಲ ಇದು.

"ನಿಲ್ಲಿಸಿಬಿಡಿ ಮೇಡಂ," ಎಂದ ಚಿಕ್ಕ ಯಜಮಾನ. ಬೆಣ್ಣೆ ಮತ್ತೆ ಮಾತಿಗೆ ಬಂದಿತ್ತು. "ಪಾಪ, ಅವರಿಗ್ಯಾಕೆ ನೋವು? ಈಗಲೂ ಅಳಿಸಬಹುದು. ನಾವು ಯಾರೂ ಏನೂ ಕೇಳಿಸ್ಕೊಂಡಿಲ್ಲ."

ತಂಗಿ ತಕರಾರಮ್ಮನ ಮಣಿಕಟ್ಟು ಹಿಡಿದಳು. ಬಿಡಿಸಿಕೊಳ್ಳುವಂಥ ಹಿಡಿತವಲ್ಲ.

"ಯಾರೂ ಮುಟ್ಟಬೇಡಿ ಇದನ್ನ."

"ತಂಗೀ, ಕೋರ್ಟಿಗೆ ಇಷ್ಟೇ ಸಾಕು," ತಕರಾರಮ್ಮ ಮೆಲ್ಲಗೆ ಹೇಳಿದಳು. "ಸತ್ತವರೇ ಹೇಳಿಸಿದ ಮಾತು ಅಂತ ಆಯ್ತಲ್ಲ. ಉಳಿದದ್ದನ್ನ ನಾನು ಮೊದಲು ಕೇಳ್ತೀನಿ. ಆಮೇಲೆ—"

"ಯಾಕೆ ಹೇಳಿದ್ಲು ಅಂತ ಇನ್ನೂ ಬಂದಿಲ್ಲ," ಎಂದಳು ತಂಗಿ. ಅವಳು ಅಳುತ್ತಿರಲಿಲ್ಲ. "ನಮ್ಮಕ್ಕ ತಪ್ಪು ಮಾಡಿದ್ರೆ ಅದೂ ಹೊರಗೆ ಬರ್ಲಿ. ಅರ್ಧ ಕೇಳಿಸಿ ಅರ್ಧ ಬಚ್ಚಿಡೋಕೆ ನಾನು ಇವರ ಹಾಗಲ್ಲ."

ಎಂದವಳೇ ಚಿಕ್ಕ ಯಜಮಾನನನ್ನು ಕಣ್ಣು ಕೀಳದೆ ನೋಡುತ್ತ, ಗುಂಡಿಯನ್ನು ಇನ್ನಷ್ಟು ಮೇಲಕ್ಕೆ, ಅದು ಹೋಗುವಷ್ಟೂ ಮೇಲಕ್ಕೆ ತಳ್ಳಿದಳು.

ಸ್ಪೀಕರಿನಲ್ಲಿ ಕುರ್ಚಿ ಮತ್ತೆ ಕಿರ್ರೆಂದಿತು. ಗಾಜಿನ ಬಾಗಿಲು ತೆರೆದ ಸದ್ದು. ಅಕ್ಕ ಮೈಕು ಬಿಟ್ಟು ಈಚೆ ಬಂದಿರಬೇಕು, ದನಿ ಈಗ ಕಿವಿಯ ಪಕ್ಕದಲ್ಲೇ ಇತ್ತು. ಕಂಟ್ರೋಲ್ ರೂಮಿನಲ್ಲೂ ಕಾಯುವ ಕೋಣೆಯಲ್ಲೂ ಅದು ಒಂದೇ ಸಮನೆ ಮೊಳಗಿತು.

'ನಾನು ನನ್ನ ಮಾತು ಉಳಿಸ್ಕೊಂಡೆ ಸಾರ್. ಇನ್ನು ನೀವು ಉಳಿಸ್ಕೋಬೇಕು. ನನ್ನ ತಂಗಿ ಮಾಡಿದ್ದು ಮಾತ್ರ ಈ ರೂಮಿನಿಂದ ಹೊರಗೆ ಹೋಗಬಾರದು.'